ಇರುವೆ ಮುತ್ತಿದ ಮೀನು

ಯೂನಿಯನ್ ದ್ವೀಪ,
ಗುರುವಾರ, ಮೇ 14, 1987

ಪ್ರೀತಿಯ ಅಮ್ಮನಿಗೆ,

ಈ ಕಾಗದವನ್ನು ಓದಿ ಹೇಳಲು ಪಕ್ಕದ ಮನೆಯ ಟೀಚರನ್ನು ಕರೆಯಬೇಡ. ನಿಧಾನವಾದರೂ ನೀನೇ ಓದು. ಮೊದಲು ಇಷ್ಟು ತಿಳಿದುಕೋ: ಕೆರಿಸಾ ಬದುಕಿದ್ದಾಳೆ. ನಾನು ಚೆನ್ನಾಗಿದ್ದೇನೆ. ನಾವಿಬ್ಬರೂ ಇಲ್ಲಿನ ದವಾಖಾನೆಯಲ್ಲಿದ್ದೇವೆ.

ಹೊರಡುವ ದಿನ ನೀನು ಬಾಗಿಲಲ್ಲಿ ನಿಂತು, "ಬೆನ್ನಿಗೆ ಚೀಲ ಕಟ್ಕೊಂಡು ಸುತ್ತೋಕೆ ನೀವೇನು ಪ್ರವಾಸಿಗರಾ?" ಎಂದು ಕೇಳಿದ್ದೆ. ಕೆರಿಸಾ ನಕ್ಕು, "ಎಲ್ಲೆಲ್ಲಿಂದಲೋ ಬಂದವ್ರು ನಮ್ಮ ದ್ವೀಪಗಳನ್ನ ನೋಡ್ತಾರೆ ಆಂಟಿ, ನಾವು ಮಾತ್ರ ಮೀನಿನ ಹುರುಪೆ ಕೀಳ್ತಾ ಕೂರ್ಬೇಕಾ?" ಎಂದಳು. ಆ ಮಾತಿಗೆ ನೀನೂ ನಕ್ಕೆ. ಬೆಕ್ವೆ, ಕ್ಯಾನೊವಾನ್, ಮೈರೋ ದ್ವೀಪಗಳ ಸುತ್ತಾಟವೆಲ್ಲ ಚೆನ್ನಾಗಿಯೇ ಆಯಿತು. ಸರಕಿನ ದೋಣಿಯಲ್ಲಿ ಈರುಳ್ಳಿ ಮೂಟೆಯ ಮೇಲೆ ಕೂತು ಬಂದೆವು. ಚರ್ಚಿನ ಜಗಲಿಯಲ್ಲಿ ಮಲಗಿದೆವು. ಮಾತಾಡುವುದು ಅವಳು, ಚೀಲ ಕಾಯುವುದು ನಾನು.

ಮಂಗಳವಾರ ಲೆಸ್ಮೋರ್ ಅಂಕಲ್ ಎಂಬ ದೋಣಿಯವರು ನಮ್ಮನ್ನು ಒಂದು ಸಣ್ಣ ದ್ವೀಪದಲ್ಲಿ ಇಳಿಸಿ, ಮಾರನೆಯ ದಿನ ಬಂದು ಕರೆದುಕೊಂಡು ಹೋಗುತ್ತೇನೆ ಎಂದರು. ಅಲ್ಲಿ ಮನೆಗಳಿಲ್ಲ, ಒಂದಷ್ಟು ತೆಂಗಿನ ಮರಗಳಿವೆ, ಅಷ್ಟೆ. ಇಳಿದ ಬೆಳಿಗ್ಗೆಯೇ ಕೆರಿಸಾ ಬಂಡೆಯ ಮೇಲಿಂದ ಗಾಳ ಹಾಕಿದಳು. ಒಂದು ಬರಾಕುಡ ಮೀನು ಸಿಕ್ಕಿತು. ನನ್ನ ತೋಳಿನಷ್ಟು ಉದ್ದ ಇತ್ತು.

"ನಮ್ಮಪ್ಪ ಇದನ್ನ ಮುಟ್ಟಲ್ಲ ಕಣೇ, ಇದ್ರಲ್ಲಿ ಕೆಲವಕ್ಕೆ ವಿಷ ಇರತ್ತಂತೆ," ಎಂದು ಅವಳು ಹಿಂದೆ ಸರಿದಳು. ನೀನು ಮಾಡುವಂತೆ ನಾನು ಹೊಟ್ಟೆಯ ಹತ್ತಿರದ ತುಂಡು ಕತ್ತರಿಸಿ ಇರುವೆ ಗೂಡಿನ ಪಕ್ಕ ಇಟ್ಟೆ. ಅವಳು ಕೆನ್ನೆಗೆ ಕೈಯಿಟ್ಟು ಕೂತು ನನ್ನನ್ನು ಆಡಿಕೊಳ್ಳುತ್ತಿದ್ದಳು. "ಏನಮ್ಮಾ ಡಾಕ್ಟರ್, ನಿನ್ನ ಇರುವೆಗಳು ಏನಂತಾವೆ?" ಇರುವೆಗಳು ಮುತ್ತಿದವು, ನೊಣಗಳೂ ಬಂದವು. ವಿಷದ ಮೀನನ್ನು ಇರುವೆ ಮುಟ್ಟುವುದಿಲ್ಲ ಎಂದು ನೀನು ಹೇಳಿಕೊಟ್ಟದ್ದನ್ನು ನಾನು ಅವಳಿಗೆ ಹೇಳಿದೆ. ಕೆಂಡದ ಮೇಲೆ ಮೀನು ಸುಟ್ಟು, ನಿಂಬೆ ಹಿಂಡಿ, ದೀವಿಹಲಸಿನ ಜೊತೆ ಅವಳು ತಿಂದಳು. ದೋಣಿಯ ಅಲುಗಾಟಕ್ಕೆ ನನ್ನ ಹೊಟ್ಟೆ ಸರಿಯಿರಲಿಲ್ಲ. ನಾನು ದೀವಿಹಲಸು ಮಾತ್ರ ತಿಂದೆ.

ಮಧ್ಯಾಹ್ನ ಅವಳಿಗೆ ವಾಂತಿ ಶುರುವಾಯಿತು. ಬಿಸಿಲಿಗೆ ಎಂದುಕೊಂಡೆ. ಆಮೇಲೆ ತುಟಿ ಜುಮ್ ಎನ್ನುತ್ತಿದೆ, ಹಲ್ಲುಗಳೆಲ್ಲ ಅಲ್ಲಾಡುತ್ತಿವೆ ಎಂದಳು. ಮುಟ್ಟಿ ನೋಡಿದೆ, ಹಲ್ಲು ಗಟ್ಟಿಯಾಗಿದ್ದವು. ನೆರಳಲ್ಲಿಟ್ಟಿದ್ದ ಬಾಟಲಿಯಿಂದ ನೀರು ಕುಡಿಸಿದೆ. ಅವಳು ಉಗಿದು, "ಕುದಿಯೋ ನೀರು ಕೊಡ್ತೀಯಲ್ಲೇ, ನಾನೇನು ಮಾಡ್ದೆ ನಿಂಗೆ?" ಎಂದು ಅಳತೊಡಗಿದಳು. ಅಮ್ಮ, ಆ ನೀರು ತಣ್ಣಗಿತ್ತು. ನಾನು ಕುಡಿದು ನೋಡಿದೆ.

ಮತ್ತೆ ಅವಳು ಕಾಲು ಬರುತ್ತಿಲ್ಲ ಎಂದು ಮರಳಿನ ಮೇಲೆ ಮಲಗಿಬಿಟ್ಟಳು. ಲೆಸ್ಮೋರ್ ಅಂಕಲ್ ಬರುವುದು ನಾಳೆ. ಕೈ ಹಿಡಿದರೆ ನಾಡಿ ಒಮ್ಮೆ ಬಡಿದು, ಮತ್ತೆ ಬಡಿಯುವುದೋ ಇಲ್ಲವೋ ಎಂದು ಕಾಯಬೇಕಾಗುತ್ತಿತ್ತು. ಒಣ ಗರಿಗೆ ಬೆಂಕಿ ಹಾಕಿ ಮೇಲೆ ಹಸಿ ಎಲೆ ಹೊದಿಸಿದೆ. ಹೊಗೆ ಮೇಲೇಳಲಿಲ್ಲ, ಗಾಳಿಗೆ ಮಲಗಿ ದ್ವೀಪದ ಮೇಲೆಯೇ ಹರಡಿತು. ಬಿಳಿ ಹಾಯಿಯ ಒಂದು ದೋಣಿ ಹತ್ತಿರ ಬಂತು. ನಾನು ಕೈ ಬೀಸಿದೆ. ಅದರಲ್ಲಿದ್ದವರೂ ನನಗೆ ಕೈ ಬೀಸಿ ಮುಂದೆ ಹೋದರು.

ಸಂತೆಯಲ್ಲಿ ಮೀನು ಕೂಗಿ ಮಾರು ಎಂದರೆ ನಾನು ಬಾಯಿ ಬಿಡುವುದಿಲ್ಲ ಎಂದು ನೀನು ಬೈಯುತ್ತೀಯಲ್ಲ. ಆಮೇಲೆ ಬಲೆಯ ದೋಣಿಯೊಂದು ದೂರದಲ್ಲಿ ಕಂಡಾಗ ಸೊಂಟದವರೆಗೆ ನೀರಿಗೆ ಇಳಿದು ಕೂಗಿದೆ. ಏನು ಕೂಗಿದೆನೋ ತಿಳಿಯದು. ದೋಣಿ ತಿರುಗಿತು. ಅದರಲ್ಲಿದ್ದ ಹೆಂಗಸು ಕೆರಿಸಾಳ ಮುಖ ನೋಡಿ, "ಏನ್ ತಿಂದ್ಲು?" ಎಂದು ಒಂದೇ ಮಾತು ಕೇಳಿದಳು. ಹೇಳಿದೆ. ತಕ್ಷಣ ನಮ್ಮನ್ನು ದೋಣಿಗೆ ಹತ್ತಿಸಿಕೊಂಡು ನೇರವಾಗಿ ಇಲ್ಲಿಗೆ ತಂದಳು.

ಇಲ್ಲಿನ ನರ್ಸ್ ಜೋಸ್ಲಿನ್ ಸೂಜಿ ಹಾಕಿ ನರಕ್ಕೆ ನೀರು ಕೊಟ್ಟರು, ನಾಡಿಗೂ ಔಷಧಿ ಕೊಟ್ಟರು. ಇವತ್ತು ನಾಡಿ ಸ್ವಲ್ಪ ಏರಿದೆ. ಆದರೂ ಅಪಾಯ ಕಳೆಯಿತು ಎಂದು ಅವರು ಹೇಳುತ್ತಿಲ್ಲ. ಕೆರಿಸಾ ಕಣ್ಣು ಬಿಟ್ಟು, "ನಿನ್ನ ಇರುವೆಗಳು ಹೇಗಿದಾವೆ?" ಎಂದಳು.

ಇರುವೆಯ ವಿಷಯ ನಾನು ನರ್ಸ್‌ಗೆ ಹೇಳಿದೆ. ಅವರು ಬೈಯಲಿಲ್ಲ. "ಇರುವೆಗೆ ಏನೂ ಗೊತ್ತಾಗಲ್ಲ ಮಗಳೇ, ನೊಣಕ್ಕೂ ಇಲ್ಲ. ಬೇಯ್ಸಿದ್ರೂ ಸುಟ್ರೂ ಆ ವಿಷ ಹೋಗಲ್ಲ," ಎಂದರು. ನೀನು ಇದನ್ನು ಒಪ್ಪುವುದಿಲ್ಲ ಎಂದು ಗೊತ್ತು. ಅಜ್ಜಿಯ ಕಾಲದಿಂದ ಹೀಗೆ ನೋಡಿಯೇ ಮಾರಿದ್ದೇವೆ, ಯಾರಿಗೆ ಏನಾಯಿತು ಎನ್ನುತ್ತೀಯ. ನಿನಗೆ ಹೇಳುವಷ್ಟು ದೊಡ್ಡವಳು ನಾನಲ್ಲ. ಆದರೂ ನಾಡಿದ್ದು ಶನಿವಾರ. ಸಂತೆಯಲ್ಲಿ ಬರಾಕುಡದ ಪಕ್ಕ ಇರುವೆ ಮುತ್ತಿದ ತುಂಡು ಇಟ್ಟುಕೊಂಡು ಗಿರಾಕಿಗಳನ್ನು ಕರೆಯುತ್ತೀಯ. ಅದಕ್ಕಾಗಿಯೇ ಈ ಕಾಗದವನ್ನು ನಾಳೆಯ ದೋಣಿಗೇ ಕೊಡುತ್ತಿದ್ದೇನೆ.

ಕೆರಿಸಾಳ ಅಮ್ಮನಿಗೆ ನೀನೇ ಹೋಗಿ ಹೇಳು. ತಪ್ಪು ನನ್ನ ಮೇಲೆ ಬಂದರೆ ಬರಲಿ.

ನಿನ್ನ ಮಗಳು,
ಜೆನೀವ್

ಕೊನೆಗೊಂದು ಮಾತು: ಅಮ್ಮ, ಮೇಲೆ ಒಂದು ಸುಳ್ಳು ಬರೆದಿದ್ದೇನೆ. ಇರುವೆ ಮುತ್ತಿದರೂ ಕೆರಿಸಾಗೆ ಹೆದರಿಕೆ ಹೋಗಿರಲಿಲ್ಲ. "ಮೊದ್ಲು ನೀನು ತಿನ್ನು ನೋಡೋಣ," ಎಂದಳು. ನಿನ್ನ ಮಾತಲ್ಲವೇ ಎಂದು ತಿಂದೆ. ಬಾಲದ ಕಡೆಯ ಒಂದೇ ತುಂಡು. ಅದನ್ನು ನೋಡಿದ ಮೇಲೆಯೇ ಅವಳು ತಿಂದದ್ದು. ಇವತ್ತು ಬೆಳಿಗ್ಗೆ ಕೊಳಾಯಿಯ ತಣ್ಣೀರು ನನ್ನ ಬೆರಳುಗಳನ್ನು ಸುಟ್ಟಿತು. ಈ ಕಾಗದ ಮುಗಿಸಿ ನರ್ಸ್‌ಗೆ ಹೇಳಲು ಹೋಗುತ್ತೇನೆ. ಅವರ ಮಾತು ನಂಬದಿದ್ದರೆ ಬೇಡ, ನನ್ನ ಬೆರಳನ್ನಾದರೂ ನಂಬು. ಶನಿವಾರ ಬರಾಕುಡ ಮಾರಬೇಡ.