ಗಂಜಿ ಕುಡಿದ ಬೇಸಿಗೆ ಟಾಪು

ಬಿಬವೇವಾಡಿ, ಪುಣೆ
ಮಂಗಳವಾರ, 6 ಮೇ 2025

ಚಿ. ಕು. ಸಾಯಲಿಗೆ (ಈ ‘ಕು.’ ಇನ್ನು ಸ್ವಲ್ಪೇ ದಿನ, ಅದಕ್ಕೇ ಬಿಡದೆ ಬರೆದಿದ್ದೇನೆ) ನಿನ್ನ ಅವ್ವ ಮಾಡುವ ಅನೇಕ ಆಶೀರ್ವಾದಗಳು.

ತರುವಾಯ, ಒಂದು ಮಹತ್ವದ ಘೋಷಣೆ. ನಮ್ಮ ಮನೆಯ ಇತಿಹಾಸದಲ್ಲಿ ಮೊಟ್ಟಮೊದಲ ಬಾರಿಗೆ, ಮನುಷ್ಯರು ಹಾಕಿಕೊಳ್ಳಬಹುದಾದ ಕ್ರೋಶಾ ವಸ್ತ್ರವೊಂದು ಇಂದು ಮಧ್ಯಾಹ್ನ ಊಟದ ನಂತರ ಸಿದ್ಧವಾಗಿದೆ. ಇದುವರೆಗೆ ನನ್ನ ಸೂಜಿಯ ಕೃಪೆಯಿಂದ ಮೈ ಮುಚ್ಚಿಕೊಂಡವರು ಯಾರೆಂಬುದು ನಿನಗೆ ಗೊತ್ತೇ ಇದೆ: ಟೀವಿ, ಫ್ರಿಜ್ಜು, ಮಿಕ್ಸರು, ನೀರಿನ ಫಿಲ್ಟರು, ನಿಮ್ಮಪ್ಪನ ರೇಡಿಯೊ. ಅವರೆಲ್ಲ ಸುಮ್ಮನೆ ನಿಂತು ಹಾಕಿಸಿಕೊಂಡವರು. ಕಂಕುಳಲ್ಲಿ ಬಿಗಿ ಅಂತ ಒಬ್ಬರೂ ತಕರಾರು ಮಾಡಲಿಲ್ಲ, ಕುತ್ತಿಗೆ ಇಳಿಸು ಅಂತ ಕೇಳಲಿಲ್ಲ. ಮನುಷ್ಯರಿಗೆ ಹೆಣೆಯುವ ಕಷ್ಟ ನನಗೆ ಈ ವಯಸ್ಸಿನಲ್ಲಿ ತಿಳಿಯಿತು.

ಫೋನ್ ಇರುವಾಗ ಕಾಗದ ಯಾಕೆ ಅಂತ ಕೇಳುತ್ತೀ. ಯುಗಾದಿಯ ಪಾಡವಾ ಆದಾಗಿನಿಂದ ನಾವಿಬ್ಬರೂ ಫೋನಿನಲ್ಲಿ ಆಡಿರುವ ಮಾತೆಂದರೆ ‘ಹೂಂ’, ‘ಆತು’, ‘ಇಡ್ತೀನಿ’. ಕಾಗದದಲ್ಲಿ ಒಂದು ಅನುಕೂಲ, ನಾನು ಮುಗಿಸುವ ತನಕ ನಿನಗೆ ಇಡಲಿಕ್ಕೆ ಬರುವುದಿಲ್ಲ. ಕನ್ನಡ ಓದುವುದು ನಿಧಾನವಾದರೆ ಆಗಲಿ, ನಿಮ್ಮಪ್ಪನ ಕೈಯಲ್ಲಿ ಮಾತ್ರ ಓದಿಸಬೇಡ. ಅವರು ಮುಖ್ಯವಾದ ಸಾಲುಗಳನ್ನೇ ನುಂಗುತ್ತಾರೆ.

ಪಾಡವಾದ ಮರುದಿನ ನಡೆದದ್ದು ನಿನಗೂ ನೆನಪಿದೆ, ಆದರೂ ನನ್ನ ಬಾಯಿಂದ ಒಮ್ಮೆ ಕೇಳು. ನೀನು ಚಾಕಣದ ರೂಮಿನಿಂದ ಬೇಸಿಗೆ ಬಟ್ಟೆ ಒಯ್ಯಲು ಬಂದಿದ್ದೆ. ನಾನು ಟ್ರಂಕು ತೆಗೆದು ನಿನ್ನ ರುಖವತದ ಸಾಮಾನೆಲ್ಲ ಹಾಸಿಗೆಯ ಮೇಲೆ ಹರವಿದ್ದೆ. ಮದುವೆ ಹಾಲಿನಲ್ಲಿ ಮೇಜು ಹಾಕಿ, ಹುಡುಗಿ ಮನೆಯವರ ಕೈಗೆಲಸವೆಂದು ಸಾಲಾಗಿ ಜೋಡಿಸಿಟ್ಟು, ಬೀಗರು ಬಂದು ಹುಬ್ಬೇರಿಸಿ ನೋಡಲಿ ಎಂದು ನಾನು ವರ್ಷಗಟ್ಟಲೆ ಹೆಣೆದದ್ದು. ಕಲಶ, ಹಂಸ, ಬಾಳೆಗೊನೆ, ಗೋಪುರ. ಎಲ್ಲವೂ ಗಂಜಿ ಹಾಕಿ ಒಣಗಿಸಿ ಸೈನಿಕರಂತೆ ನಿಂತಿದ್ದವು. ನೀನು ಬಾಳೆಗೊನೆಯನ್ನು ಕೈಯಲ್ಲಿ ತಿರುಗಿಸುತ್ತ, ಹಾಲೂ ಇಲ್ಲ, ಊಟದ ಪಂಕ್ತಿಯೂ ಇಲ್ಲ, ನಾನೂ ಮಿಥುನನೂ ರಜಿಸ್ಟರ್ ಮದುವೆ ಆಗುತ್ತೇವೆ ಅಂದೆ. “ನಿನಗ ಏನರ ಹೆಣೀಲಿಕ್ಕೇ ಬೇಕಂದ್ರ ನನಗೊಂದು ಹಗುರ ಟಾಪ್ ಹೆಣಿ. ತೋಳು ಬ್ಯಾಡ. ಚಾಕಣದ ಬಿಸಲಾಗ ಬೇಯಾಕತ್ತೀನಿ. ಆವತ್ತೂ ಅದನ್ನ ಹಾಕ್ಕೋತೀನಿ” ಅಂತಲೂ ಅಂದೆ. ಹಾಗಾದರೆ ಆ ಆಫೀಸಿನ ಕಡೆ ನಾನು ತಲೆ ಹಾಕುವುದಿಲ್ಲ ಅಂತ ನಾನಂದೆ. ಹಾಕಬ್ಯಾಡ ಅಂತ ನೀನಂದೆ. ನಿಮ್ಮಪ್ಪ ಚುರುಮುರಿ ತಿನ್ನುತ್ತಿದ್ದವರು ತಿನ್ನುವುದನ್ನು ನಿಲ್ಲಿಸಿದರು. ಅವರ ಮಟ್ಟಿಗೆ ಅದೊಂದು ದೊಡ್ಡ ಭಾಷಣ.

ಮಿಥುನನ ಮೇಲೆ ನನ್ನ ತಕರಾರಿಲ್ಲ ಎಂಬುದನ್ನು ಇಲ್ಲಿ ಬರೆದಿಡುತ್ತೇನೆ. ಹೋಳಿಗೆಯನ್ನು ಹಾಲಿನಲ್ಲಿ ಹಾಕಿಕೊಂಡು ತಿಂದು, ಕೇಳದೆಯೇ ಇನ್ನೊಂದು ಬಡಿಸಿಕೊಂಡ ಹುಡುಗ. ಅಂಥವನನ್ನು ನಾನ್ಯಾಕೆ ಬೇಡ ಅನ್ನಲಿ. ನನ್ನ ಜಗಳ ಹಾಲಿನದು, ಅದೂ ಮದುವೆ ಹಾಲಿನದು.

ಆಮೇಲಿನ ಸುದ್ದಿಯೆಲ್ಲ ನನಗೆ ನಿಮ್ಮಪ್ಪನ ಮುಖಾಂತರ ಬಂದದ್ದು. ನಿನ್ನ ಫೋನ್ ಬಂದರೆ ಅವರು ಗ್ಯಾಲರಿಗೆ ಹೋಗಿ, ತುಳಸಿಗಿಡಕ್ಕೆ ಮುಖ ಮಾಡಿ, ಗುಟ್ಟಿನ ದನಿಯಲ್ಲಿ ಮಾತಾಡುತ್ತಾರೆ. ಅವರ ಗುಟ್ಟಿನ ದನಿ ಕೆಳಗಿನ ಹಾಲಿನ ಅಂಗಡಿಯವರಿಗೂ ಕೇಳಿಸುತ್ತದೆ. ರಜಿಸ್ಟರ್ ಆಫೀಸಿನಲ್ಲಿ ಮೇ ಇಪ್ಪತ್ತೆರಡಕ್ಕೆ ತಾರೀಖು ಸಿಕ್ಕಿದೆ, ಸಾಕ್ಷಿಗೆ ಮೂರು ಮಂದಿ ಬೇಕು, ಒಬ್ಬರು ಮಿಥುನನ ಅಣ್ಣ, ಒಬ್ಬರು ಸ್ವತಃ ತಾವೇ, ಇನ್ನೊಬ್ಬಳು ನಿನ್ನ ಜೊತೆ ರೂಮಿನಲ್ಲಿರುವ ರೇಣು ಅಂತ ಒಳಗೆ ಬಂದು ಬದನೆಕಾಯಿ ರೇಟು ಹೇಳಿದ ಹಾಗೆ ಹೇಳಿದರು. ನಾನೂ ಬದನೆಕಾಯಿ ರೇಟು ಕೇಳಿದ ಹಾಗೆ ಕೇಳಿಕೊಂಡೆ. ಆವತ್ತು ಒಗ್ಗರಣೆ ಸ್ವಲ್ಪ ಸೀದಿತು.

ಮರುದಿನ ಹೋಗಿ ನೂಲು ತಂದೆ. ಸಿಟ್ಟು ಬೇರೆ, ಬಿಸಿಲು ಬೇರೆ. ಅಂಗಡಿಯವಳು ಬೇಸಿಗೆಗೆ ಉಣ್ಣೆ ನಡೆಯುವುದಿಲ್ಲವೆಂದು ನನಗೇ ಪಾಠ ಹೇಳಿ, ಸಣ್ಣೆಳೆಯ ಹತ್ತಿ ನೂಲು ಕೊಟ್ಟಳು. ಬಣ್ಣ ಮಜ್ಜಿಗೆಯದು. ನೀನು ಬಿಳಿ ಅನ್ನುತ್ತೀ, ನಿಮ್ಮಪ್ಪ ಹಳದಿ ಅನ್ನುತ್ತಾರೆ, ಅದು ಮಜ್ಜಿಗೆಯದೇ. ಅಳತೆಗೆ ನಿನ್ನನ್ನು ಕೇಳುವ ಹಾಗಿರಲಿಲ್ಲ. ನೀನು ಬಿಟ್ಟುಹೋದ ನೀಲಿ ಕುರ್ತಾ ನೆಲದ ಮೇಲೆ ಹಾಸಿ, ಅದರ ಸುತ್ತ ಸೀಮೆಸುಣ್ಣದ ಗೆರೆ ಎಳೆದೆ. ನಿಮ್ಮಪ್ಪ ಪೇಪರು ಓದುತ್ತ ಬಂದವರು, ಗೆರೆ ದಾಟದೆ, ಪೋಲೀಸರಿಗೆ ತಿಳಿಸಬೇಕೇನು ಅಂತ ಕೇಳಿದರು.

ಕೆಲಸವೇನೋ ಅದೇ. ಸರಪಳಿ ಹಾಕುವುದು, ಕಂಬ ಎಬ್ಬಿಸುವುದು, ಕಂಬಗಳ ನಡುವೆ ಕಿಂಡಿ ಬಿಡುವುದು. ಕಿಂಡಿ ಎಷ್ಟು ಬಿಡಬೇಕು ಎಂಬಲ್ಲಿ ತಾತ್ವಿಕ ಪ್ರಶ್ನೆ ಎದ್ದಿತು. ದೊಡ್ಡದು ಬಿಟ್ಟರೆ ಗಾಳಿ, ಸಣ್ಣದು ಬಿಟ್ಟರೆ ಮರ್ಯಾದೆ. ಎದುರು ಮನೆಯ ಶೈಲಾ ವೈನಿಯನ್ನು ಕರೆಸಿದೆ. ಮೊದಲು ಆಕೆ ಹರವಿದ ಹೆಣಿಕೆ ನೋಡಿ, “ಇಷ್ಟು ಅಗಲ ಯಾರಿಗ್ರೀ ಇಂದೂ ವೈನಿ, ವಾಷಿಂಗ್ ಮಷೀನಿಗೇನು?” ಅಂದಳು. ನಿನಗೆ ಅಂದಮೇಲೆ ಕನ್ನಡಕ ಹಾಕಿಕೊಂಡು, ಬಟ್ಟೆಯನ್ನು ಕಿಟಕಿಗೆ ಹಿಡಿದು ನೋಡಿ, “ಗಾಳಿ ಹೋಗಬೇಕ್ರೀ, ಕಣ್ಣು ಹೋಗಬಾರದು” ಎಂದು ತೀರ್ಪು ಕೊಟ್ಟಳು. ಆ ತೀರ್ಪಿನ ಪ್ರಕಾರವೇ ಕಿಂಡಿ ಬಿಟ್ಟಿದ್ದೇನೆ. ತೋಳು ಬೇಡ ಅಂದಿದ್ದೆಯಲ್ಲ, ಮೊಣಕೈ ತನಕ ಇಟ್ಟೆ. ಅದು ನನ್ನ ತೀರ್ಪು.

ಮುಂದಿನದನ್ನು ಬರೆಯಬೇಕೋ ಬೇಡವೋ ಅಂತ ಬಹಳ ವಿಚಾರ ಮಾಡಿದೆ. ಆದರೆ ಶೈಲಾ ವೈನಿ ಈಗಾಗಲೇ ಇಡೀ ಸೊಸಾಯಟಿಗೆ ಹೇಳಿ ಮುಗಿಸಿದ್ದಾಳೆ. ನಿನಗೆ ಗೊತ್ತಾಗುವುದು ನನ್ನಿಂದಲೇ ಆಗಲಿ.

ಭಾನುವಾರ ಬೆಳಿಗ್ಗೆ ಕೊನೆಯ ಗಂಟು ಹಾಕಿ ನೂಲು ಕತ್ತರಿಸಿದೆ. ಆಮೇಲೆ ನನ್ನ ಕೈ ತಾನಾಗಿ ಎದ್ದು ಹೋಗಿ ಸಾಬೂದಾಣಿ ಕುದಿಯಲಿಟ್ಟಿತು. ಇಷ್ಟು ವರ್ಷ ಹೆಣೆದದ್ದು ಮುಗಿಯಿತು ಅಂದರೆ ಗಂಜಿಯೇ. ಕಲಶಕ್ಕೂ ಗಂಜಿ, ಹಂಸಕ್ಕೂ ಗಂಜಿ. ಬುದ್ಧಿಯನ್ನು ಯಾರು ಕೇಳುತ್ತಾರೆ. ಗಂಜಿ ಸೋಸಿದೆ, ಟಾಪನ್ನು ಅದ್ದಿದೆ, ಹಿಂಡಿದೆ, ಆಕಾರ ಚೆನ್ನಾಗಿ ಕೂಡಲೆಂದು ಹಬ್ಬಕ್ಕೆ ತೆಗೆಯುವ ದೊಡ್ಡ ಸ್ಟೀಲ್ ಪಾತೇಲಿ ಬೋರಲು ಹಾಕಿ ಅದಕ್ಕೆ ತೊಡಿಸಿದೆ, ತೋಳುಗಳಲ್ಲಿ ಲಟ್ಟಣಿಗೆ ತೂರಿಸಿ ಟೆರೇಸಿನಲ್ಲಿಟ್ಟು ಬಂದೆ. ಪುಣೆಯ ಮೇ ತಿಂಗಳು ತನ್ನ ಕೆಲಸದಲ್ಲಿ ಯಾವ ಕೊರತೆಯನ್ನೂ ಮಾಡಲಿಲ್ಲ.

ಸಂಜೆ ತಂದು ಊಟದ ಟೇಬಲ್ಲಿನ ಮೇಲಿಟ್ಟು ಪಾತೇಲಿ ತೆಗೆದೆ. ಟಾಪು ನಿಂತೇ ಇತ್ತು. ಒಳಗೆ ಯಾರೂ ಇಲ್ಲ, ಎರಡೂ ಕೈ ಚಾಚಿ, ಎದೆ ಸೆಟೆಸಿ, ಯಾರದೋ ಸತ್ಕಾರ ಸ್ವೀಕರಿಸಲು ಬಂದ ಪುಢಾರಿಯಂತೆ ನಿಂತಿತ್ತು. ನಿಮ್ಮಪ್ಪ ವಾಕಿಂಗ್ ಮುಗಿಸಿ ಬಾಗಿಲಲ್ಲಿ ಚಪ್ಪಲಿ ಬಿಡುತ್ತ, “ಯಾರು ಬಂದಾರ?” ಅಂದರು. ಶೈಲಾ ವೈನಿ ಓಡಿ ಬಂದು ಬೆರಳಿನಿಂದ ಅದರ ಹೊಟ್ಟೆಗೆ ಬಡಿದಳು. ಟಕ್ ಟಕ್ ಅಂದಿತು. “ಭಾಳ ಚಂದ ಆಗೇದ್ರೀ. ಇದನ್ನ ಹಾಕ್ಕೊಂಡ ಹುಡುಗಿ ಒಂದು ಸಹಿ ಮಾಡ್ಲಿಕ್ಕೂ ಕೈ ಬಗ್ಗಸಾಕ ಬರೂದಿಲ್ಲ. ಮದುವಿ ತಾನ ನಿಂತ್ಹೋಗ್ತದ” ಅಂದಳು. ನಗುತ್ತಲೇ ಅಂದಳು. ನಾನೂ ನಕ್ಕೆ.

ಶೈಲಾ ವೈನಿ ಹೋದ ಮೇಲೆ ನಾನೂ ಅದೂ ಎದುರು ಬದುರು ಕೂತೆವು. ನೋಡಲಿಕ್ಕೆ ಒಂದು ಕುಂದು ಹೇಳುವ ಹಾಗಿರಲಿಲ್ಲ. ಒಂದು ಎಳೆ ಅತ್ತಿತ್ತ ಇಲ್ಲ. ಬೀಗರು ಹುಬ್ಬೇರಿಸುವಂಥದ್ದೇ. ಆದರೆ ಸಾಯಲಿ, ಅದರೊಳಗೆ ನೀನು ಕೂಡುವುದು ಹೇಗೆ, ಉಣ್ಣುವುದು ಹೇಗೆ, ಯಾರಾದರೂ ಕರೆದರೆ ತಿರುಗಿ ನೋಡುವುದು ಹೇಗೆ ಅಂತ ಯೋಚಿಸಿದೆ. ಟ್ರಂಕಿನಲ್ಲಿದ್ದ ಸಾಮಾನಿಗೆಲ್ಲ ಈ ತೊಂದರೆ ಇರಲಿಲ್ಲ, ಅವುಗಳ ಕೆಲಸವೇ ನಿಂತು ತೋರಿಸಿಕೊಳ್ಳುವುದು. ನಿನ್ನನ್ನೂ ಮದುವೆ ಹಾಲಿನಲ್ಲಿ ಹಾಗೇ ನಿಲ್ಲಿಸಬೇಕು ಅಂತ ನನ್ನ ಮನಸ್ಸಿನಲ್ಲಿತ್ತು. ಇಷ್ಟೇ. ಇದರ ಮೇಲೆ ನಾನು ಹೆಚ್ಚು ಬರೆಯುವುದಿಲ್ಲ. ನೀನೂ ಫೋನಿನಲ್ಲಿ ಹೆಚ್ಚು ಕೇಳಬೇಡ.

ಎದ್ದು ಬಕೆಟ್ಟಿನಲ್ಲಿ ಬಿಸಿನೀರು ಹಾಕಿ ಪುಢಾರಿಯನ್ನು ಮುಳುಗಿಸಿದೆ. ಮೊದಲು ತೇಲಿದ, ಆಮೇಲೆ ಕೈ ಬಿಟ್ಟ. ನೀರು ಬಿಳಿಯಾಗುವುದು ನಿಲ್ಲುವ ತನಕ ಬದಲಿಸುತ್ತಲೇ ಹೋದೆ. ಹಗ್ಗಕ್ಕೆ ಹಾಕಲು ಹೊರಟಾಗ ನಿಮ್ಮಪ್ಪ, “ಹಾಸಿ ಒಣಗಸು, ಜೋತುಬಿದ್ರ ಮೊಣಕಾಲಿಗೆ ಬರ್ತದ” ಅಂದರು. ಅವರಿಗೆ ಇದು ಹೇಗೆ ಗೊತ್ತೋ. ಹಾಸಿ ಒಣಗಿಸಿದೆ. ನಿನ್ನೆ ಕೂತು ತೋಳು ಬಿಚ್ಚಿದೆ. ಮೊಣಕೈಯಿಂದ ಅರ್ಧಕ್ಕೆ ತಂದು ನಿಲ್ಲಿಸೋಣ ಅಂದುಕೊಂಡಿದ್ದೆ. ನೂಲು ಎಳೆದರೆ ಸರಸರ ಬರುತ್ತದೆ, ಕೈ ನಿಲ್ಲಲಿಲ್ಲ. ಭುಜದ ತನಕ ಹೋಯಿತು. ಅಲ್ಲೊಂದು ಸಣ್ಣ ಅಂಚು ಕಟ್ಟಿದ್ದೇನೆ. ಅದನ್ನು ತೋಳು ಅಂತ ಕರೆಯುವ ಹಕ್ಕು ನನಗೆ ಉಳಿದಿರಲಿ.

ಇವತ್ತು ಪರೀಕ್ಷೆ. ಪರೀಕ್ಷೆಗೆ ಯಾರು ಸಿಗುತ್ತಾರೆ? ಬಾಗಿಲು ಮುಂದೆ ಮಾಡಿ ನಾನೇ ಹಾಕಿಕೊಂಡೆ. ನಗಬೇಡ. ನನಗೆ ಬಿಗಿಯೇ ಆಯಿತು, ಆದರೂ ಕೈ ಎತ್ತಿ ಮೇಲಿನ ಹಲಗೆಯ ಅವಲಕ್ಕಿ ಡಬ್ಬಿ ಇಳಿಸಿದೆ, ಬಗ್ಗಿ ನೆಲ ಒರೆಸಿದೆ, ಫ್ಯಾನಿನ ಕೆಳಗೆ ನಿಂತೆ. ಗಾಳಿ ಬೆನ್ನಿನ ತನಕ ಬಂತು. ಅಷ್ಟರಲ್ಲಿ ನಿಮ್ಮಪ್ಪ ಕನ್ನಡಕ ಹುಡುಕುತ್ತ ಒಳಗೆ ಬಂದರು. ಕನ್ನಡಕ ತಲೆಯ ಮೇಲೇ ಇತ್ತು. ಕಣ್ಣಿಗಿಳಿಸಿ ನೋಡಿ, “ಚಲೋ ಕಾಣಸ್ತದ” ಅಂದರು. ತಪಾಸಣೆ ನಡೆದಿದೆ, ಹೊರಗೆ ಹೋಗ್ರೀ ಅಂದೆ. ಹೋದರು. ಹೋಗಿ ಗ್ಯಾಲರಿಯಲ್ಲಿ ಸೀಟಿ ಹೊಡೆಯುತ್ತಿದ್ದರು. ಇಷ್ಟು ವರ್ಷದ ಸಂಸಾರದಲ್ಲಿ ಅವರಿಗೆ ಸೀಟಿ ಹೊಡೆಯಲು ಬರುತ್ತದೆ ಅಂತ ನನಗೆ ಗೊತ್ತಿರಲಿಲ್ಲ.

ಟಾಪನ್ನೂ ಈ ಕಾಗದವನ್ನೂ ಶನಿವಾರ ಅವರ ಕೈಯಲ್ಲಿ ಕಳಿಸುತ್ತಿದ್ದೇನೆ. ನಾನು ಬರುತ್ತಿಲ್ಲ. ಮೊಣಕಾಲು ನೋವು ಅಂತ ಅವರು ಹೇಳುತ್ತಾರೆ, ನೀನು ನಂಬಿದ ಹಾಗೆ ಮಾಡು. ನೀನು ಇದನ್ನು ಮೊದಲ ಸಲ ಹಾಕಿಕೊಳ್ಳುವಾಗ ಎದುರಿಗೆ ನಿಂತರೆ, ಇಲ್ಲಿ ಎಳಿ ಅಲ್ಲಿ ಜಗ್ಗು ಅನ್ನದೆ ಇರಲು ನನಗೆ ಸಾಧ್ಯವಿಲ್ಲ. ತಣ್ಣೀರಿನಲ್ಲಿ ಕೈಯಿಂದ ಒಗೆ, ಮಷೀನಿಗೆ ಹಾಕಬೇಡ. ಹಾಸಿಯೇ ಒಣಗಿಸು. ಇಸ್ತ್ರಿ ಬೇಡ. ಗಂಜಿಯ ವಿಷಯ ನಾನು ಹೇಳಬೇಕಾಗಿಲ್ಲ. ಹೊಂದಲಿಲ್ಲವೆಂದರೆ ಮುಚ್ಚಿಡದೆ ಹೇಳು, ಬಿಚ್ಚಿ ಮತ್ತೆ ಹೆಣೆಯುತ್ತೇನೆ. ಜೊತೆಗೆ ಡಬ್ಬಿಯಲ್ಲಿ ಶೇಂಗಾ ಚಟ್ನಿಪುಡಿ ಇದೆ. ಅರ್ಧ ಮಿಥುನನಿಗೆ.

ಇತಿ ನಿನ್ನ,
ಎದುರಿಗೆ ಮಮ್ಮಿ, ಸಿಟ್ಟಿನಲ್ಲಿ ಇಂದೂಬಾಯಿ, ಹಸಿವಾದಾಗ ಮಾತ್ರ
ಅವ್ವ

ತಾ.ಕ.: ಇಪ್ಪತ್ತೆರಡಕ್ಕೆ ರೇಣುಗೆ ಹಗಲು ಶಿಫ್ಟ್ ಇದೆ, ನಿನಗೋಸ್ಕರ ರಜೆ ಹಾಕುತ್ತಾಳೆ ಅಂತ ಗ್ಯಾಲರಿಯ ಗುಟ್ಟಿನಲ್ಲಿ ಕೇಳಿದೆ. ಪಾಪ, ಪರರ ಮಗಳಿಗೆ ಯಾಕೆ ರಜೆ ಹಾಕಿಸುತ್ತೀ. ನನಗೆ ಆ ದಿನ ಯಾವ ಶಿಫ್ಟೂ ಇಲ್ಲ. ಸಾಕ್ಷಿ ಹಾಕುವವರು ಆಧಾರ ಕಾರ್ಡು ಅಸಲಿಯೇ ತರಬೇಕೋ, ಝೆರಾಕ್ಸ್ ನಡೆಯುತ್ತದೋ, ಫೋಟೋ ಎಷ್ಟು ಬೇಕು, ಇದನ್ನು ಆ ಆಫೀಸಿನಲ್ಲಿ ಕೇಳಿ ಒಂದು ಫೋನ್ ಮಾಡು. ನಿಮ್ಮಪ್ಪನ ಫೋನಿಗೆ ಬೇಡ, ನನ್ನದಕ್ಕೆ.