ಹಿಡ್ಕೋ, ಸಾಕು

ಅಕ್ಟೋಬರ್ 14, ಬೆಳಿಗ್ಗೆ
ಮತ್ತೆ ಎರಡು ಹೊತ್ತು ಬಾಸ್ಕೆಟ್‌ಬಾಲ್ ಪ್ರ್ಯಾಕ್ಟೀಸ್. ಹಾಲ್‌ನ ಹೀಟರ್ ಕೆಟ್ಟು ಮೂರು ದಿನ. ಆಟಗಾರರು ಉಣ್ಣೆ ಟೋಪಿ ಹಾಕಿಕೊಂಡೇ ಓಡುತ್ತಾರೆ. ಕೋಚ್ ಕೂಗಾಡುವುದು, ಅಸಿಸ್ಟೆಂಟ್ ಆದ ನಾನು ಬರೆದುಕೊಳ್ಳುವುದು — ನಮ್ಮೂರು ಚಾಚಕ್‌ನಲ್ಲಿ ಇಪ್ಪತ್ತೊಂದು ವರ್ಷದಿಂದ ಇದೇ ಹಣೆಬರಹ.

ಸ್ರೆತೆನ್ ಮಂಡಿಗೆ ಪಟ್ಟಿ ಸುತ್ತಿಕೊಳ್ಳುತ್ತಾ ಕಿಚಾಯಿಸಿದ. “ಕೂಮ, ನಾನು ಸೀನಿದ್ದೂ ಆ ಪುಸ್ತಕದಲ್ಲಿ ಬರ್ಕೊಳ್ತೀರಾ?”

“ಬರ್ಕೊಳ್ತೀನಿ ಕಣಯ್ಯಾ. ತಲೆ ಮರೆಯುತ್ತೆ, ಪುಸ್ತಕ ಮರೆಯಲ್ಲ.”

ಕ್ಯಾಪ್ಟನ್ ಆದರೂ ಹುಡುಗಾಟ ಬಿಟ್ಟಿಲ್ಲ. ಅವನ ಮದುವೆಯಲ್ಲಿ ಕೂಮನಾಗಿ, ಅಂದರೆ ಸಾಕ್ಷಿಯಾಗಿ, ಪಕ್ಕಕ್ಕೆ ನಿಂತವನು ನಾನು. ದೇವರ ಮತ್ತು ಸಂತ ಯೋವಾನನ ಹೆಸರಲ್ಲಿ ಆದ ನಂಟು. ಒಡಹುಟ್ಟಿದವರೊಂದಿಗೆ ಮಾತು ಬಿಟ್ಟವರು ಊರ ತುಂಬ ಇದ್ದಾರೆ, ಕೂಮನೊಂದಿಗೆ ಬಿಟ್ಟವರನ್ನು ಕಾಣೆ.

ನವೆಂಬರ್ 25
ಗುಂಪಿನಲ್ಲಿ ಎರಡನೇ ಸ್ಥಾನ! ಒಂಬತ್ತು ವರ್ಷದ ಮೇಲೆ ಯುರೋಪಿನ ಕಪ್ಪಿನಲ್ಲಿ ಮುಂದಿನ ಸುತ್ತು. ಎದುರಾಳಿ ಇಟಲಿಯವರು. ಅಲ್ಲೊಂದು ಆಟ, ಇಲ್ಲೊಂದು. ಎರಡರ ಪಾಯಿಂಟೂ ಕೂಡಿಸಿ ನೋಡುತ್ತಾರೆ.

ಸ್ರೆತೆನ್‌ಗೆ ಮೂವತ್ತಮೂರು. ಮಂಡಿ ಇನ್ನೊಂದು ವರ್ಷ ತಡೆಯುವುದಿಲ್ಲ. ಆಟ ಬಿಟ್ಟ ಮೇಲೆ ಮಕ್ಕಳ ತಂಡದ ಕೋಚ್ ಕೆಲಸ ಅವನಿಗೇ ಎಂದು ಕ್ಲಬ್ಬಿನ ಅಧ್ಯಕ್ಷರು ಮಾತು ಕೊಟ್ಟಿದ್ದಾರೆ. “ಊರು ಬಿಟ್ಟು ಹೋಗೋದು ತಪ್ತು ಕೂಮ,” ಎಂದ. ಮುಖ ಅರಳಿತ್ತು.

ಡಿಸೆಂಬರ್ 3, ವಾಪಸು ಬರುವ ಬಸ್ಸು
ಸೋತೆವು. ಕೊನೆಯ ಫೌಲಿಗೆ ಸಿಟ್ಟು ನೆತ್ತಿಗೇರಿ, ಆರು ಪಾಯಿಂಟ್ ಹಿಂದೆ ಎಂದು ಬರೆದು, ಲೆಕ್ಕದ ಪುಸ್ತಕ ಮುಚ್ಚಿ ಎದ್ದು ಹೋದೆ. ಬೆನ್ನ ಹಿಂದೆ ಇನ್ನೊಂದು ಬಾಸ್ಕೆಟ್ ಬಿತ್ತಂತೆ. ಎಂಟು. ಪುಸ್ತಕ ಸಾಮಾನಿನ ಪೆಟ್ಟಿಗೆಯಲ್ಲಿದೆ, ಮನೆಗೆ ಹೋಗಿ ತಿದ್ದಿದರಾಯಿತು.

ನಮ್ಮಲ್ಲಿ ಒಂಬತ್ತರಿಂದ ಗೆದ್ದರೆ ಮುಂದಕ್ಕೆ. ಎಂಟಾದರೆ ಹೆಚ್ಚುವರಿ ಐದು ನಿಮಿಷ. ಆಗದ ಮಾತೇನಲ್ಲ.

ಡಿಸೆಂಬರ್ 10
ಬರೆಯಲೇಬೇಕು.

ನಿನ್ನೆ ಹಾಲ್‌ನಲ್ಲಿ ಕಾಲಿಡಲು ಜಾಗವಿರಲಿಲ್ಲ. ಹದಿನಾಲ್ಕು ಸೆಕೆಂಡು ಉಳಿದಿತ್ತು. ಏಳು ಮುಂದಿದ್ದೆವು, ಚೆಂಡು ಸ್ರೆತೆನ್ ಕೈಯಲ್ಲಿ. ಕೋಚ್ ಆ ತುದಿಯಲ್ಲಿ ರೆಫರಿ ಜೊತೆ ಜಗಳಕ್ಕೆ ನಿಂತಿದ್ದರು. ಸ್ರೆತೆನ್ ಚೆಂಡು ಪುಟಿಸುತ್ತಾ ಬೆಂಚಿನ ಕಡೆ ತಿರುಗಿದ. “ಕೂಮ, ಸಾಕಾ?”

ಪುಸ್ತಕ ನೋಡಿದೆ. ಅಲ್ಲಿ ಸೋತದ್ದು ಆರು. ಇಲ್ಲಿ ಏಳು.

“ಹಿಡ್ಕೋ! ಸಾಕು!”

ನಾಲ್ಕು ಸಾವಿರ ಜನ “ಹಾಕೋ, ಹಾಕೋ” ಎಂದು ಗಂಟಲು ಹರಿದುಕೊಳ್ಳುತ್ತಿದ್ದರು. ಎದುರಿಗೆ ಯಾರೂ ಅಡ್ಡ ಇರಲಿಲ್ಲ. ಹಾಕಲಿಲ್ಲ. ಚೆಂಡನ್ನು ಎದೆಗೆ ಅವುಚಿಕೊಂಡು ನಿಂತ, ನಗುತ್ತಾ… ಗಂಟೆ ಹೊಡೆಯಿತು. ಆಗ ಇಟಲಿಯವರು ಕುಣಿಯತೊಡಗಿದರು. ಪುಸ್ತಕದ ಆ ಆರನ್ನು ನಾನು ತಿದ್ದಿರಲೇ ಇಲ್ಲ.

ವರದಿಗಾರ ಮೈಕು ಹಿಡಿದ. ಸ್ರೆತೆನ್ ಒಮ್ಮೆ ನನ್ನ ಕಡೆ ನೋಡಿದ. “ಲೆಕ್ಕ ತಪ್ಪಿದೆ. ತಪ್ಪು ನಂದೇ,” ಎಂದ.

ನಾನು ಪುಸ್ತಕವನ್ನು ಕಂಕುಳಿಗೆ ಸಿಕ್ಕಿಸಿಕೊಂಡೆ.

ಡಿಸೆಂಬರ್ 12
ಸಂತೆ. ಎಲೆಕೋಸು ಮಾರುವವಳು ಗಟ್ಟಿಯಾಗಿ, ಎಲ್ಲರಿಗೂ ಕೇಳುವಂತೆ — “ನಿಮ್ಮ ಕ್ಯಾಪ್ಟನ್ನ ಮಾತ್ರ ಕಳಿಸ್ಬೇಡಿ ಮಾರಾಯ್ರೇ! ಒಂಬತ್ತು ಕೋಸು ತಾ ಅಂದ್ರೆ ಏಳು ಹೊತ್ಕೊಂಡು, ಕುಣ್ಕೊಂಡು ಮನೆಗೆ ಹೋಗ್ತಾನೆ!”

ಸುತ್ತಲಿದ್ದವರೆಲ್ಲ ಬಿದ್ದು ಬಿದ್ದು ನಕ್ಕರು. ನಾನೂ ನಕ್ಕೆ. ಥೂ.

ಡಿಸೆಂಬರ್ 28
ಈಗ ಹೊಸ ಮಾತು ಹುಟ್ಟಿದೆ. ಲೆಕ್ಕ ತಪ್ಪಿದ್ದಲ್ಲ, ಸ್ರೆತೆನ್ ಇಟಲಿಯವರಿಗೆ ಆಟ ಮಾರಿಕೊಂಡನಂತೆ. ಕಾಫಿ ಅಂಗಡಿಯಲ್ಲಿ, ಕ್ಷೌರದ ಅಂಗಡಿಯಲ್ಲಿ, ಎಲ್ಲ ಕಡೆ ಅದೇ. ಅಧ್ಯಕ್ಷರು ಕರೆಸಿದರು.

“ರಾದೋಯೆ, ಅಂಥವನ ಕೈಗೆ ಮಕ್ಕಳನ್ನ ಕೊಡೋಕಾಗುತ್ತಾ? ನೀವು ಬೆಂಚಲ್ಲೇ ಇದ್ರಿ. ನಿಮಗೇನಾದ್ರೂ ಗೊತ್ತಾ?”

“ಗೊತ್ತಿಲ್ಲ,” ಅಂದೆ.

ಜನವರಿ 20, ಸಂತ ಯೋವಾನನ ದಿನ
ಸ್ರೆತೆನ್ ಮನೆಯ ಸಂತನ ಹಬ್ಬ. ಈ ಹಬ್ಬಕ್ಕೆ ಯಾರೂ ಯಾರನ್ನೂ ಕರೆಯುವುದಿಲ್ಲ, ನಂಟಿರುವವರು ತಾವೇ ಬರುತ್ತಾರೆ. ಹೋದ ವರ್ಷ ಕೂರಲು ಕುರ್ಚಿ ಸಾಲದೆ ಪಕ್ಕದ ಮನೆಯಿಂದ ತಂದಿದ್ದರು. ಈ ಸಲವೂ ಉದ್ದ ಮೇಜು, ನಲವತ್ತು ತಟ್ಟೆ. ಬಂದವರು ಪಾದ್ರಿ, ಸ್ರೆತೆನ್‌ನ ಅಕ್ಕ, ನಾನು.

ಹೆಂಡತಿ ದೊಬ್ರಿಲಾ ಕೋಸಿನ ಸುರುಳಿ ಬಡಿಸುತ್ತಲೇ ಇದ್ದಳು. “ಇನ್ನೊಂದು ಹಾಕ್ಲಾ ಕೂಮ? ಇಷ್ಟೊಂದು ಯಾರು ತಿಂತಾರೆ ಹೇಳಿ…” ಮಾತು ಮುಗಿಸದೆ ಒಳಗೆ ಹೋದಳು.

ಸ್ರೆತೆನ್ ಮತ್ತು ನಾನು ಹಬ್ಬದ ರೊಟ್ಟಿ ಮುರಿದು ಕೆನ್ನೆಗೆ ಮುತ್ತಿಟ್ಟುಕೊಂಡೆವು. ಆಮೇಲೆ ಅವನನ್ನು ಅಂಗಳಕ್ಕೆ ಕರೆದುಕೊಂಡು ಹೋದೆ. “ಸ್ರೆತೆನ್, ಅವತ್ತು ನಾನೇ…”

“ಅವತ್ತು ಏನೂ ಕೇಳಿಸ್ತಿರ್ಲಿಲ್ಲ ಕೂಮ. ಅಷ್ಟು ಗಲಾಟೆ. ನೀವೇನಾದ್ರೂ ಕೂಗಿದ್ರಾ?”

ಕಣ್ಣಲ್ಲಿ ಕಣ್ಣಿಟ್ಟು ಸುಳ್ಳು ಹೇಳಿದ. ಆಮೇಲೆ ಮೆಲ್ಲಗೆ, “ನಾನಾದ್ರೆ ಇನ್ನೆಲ್ಲಾದ್ರೂ ಆಡ್ಕೊಂಡಿರ್ತೀನಿ. ನೀವು ಇದೇ ಊರಲ್ಲಿ ಮುದುಕರಾಗ್ಬೇಕಲ್ಲ.”

ಎದೆಯ ಮೇಲಿನ ಕಲ್ಲು ಇಳಿದಂತಾಯಿತು. ಒಳಗೆ ಬಂದು ಇನ್ನೆರಡು ಸುರುಳಿ ತಿಂದೆ. ಆಗ ಆದ ಆ ಸಮಾಧಾನ ನೆನೆದರೆ ಈಗ ಅಸಹ್ಯವಾಗುತ್ತದೆ.

ಫೆಬ್ರವರಿ 6, ಬೆಳಿಗ್ಗೆ 7
ಸೈಪ್ರಸ್‌ಗೆ ಹೋದ. ಯಾವುದೋ ಎರಡನೇ ದರ್ಜೆಯ ತಂಡ. ಬಸ್‌ಸ್ಟ್ಯಾಂಡಿನಲ್ಲಿ ಅವನು, ದೊಬ್ರಿಲಾ, ನಾನು. ಮಂಡಿ ಮಡಿಸಲಾಗದೆ ವಿಮಾನ ನಿಲ್ದಾಣದ ಬಸ್ಸಿನ ಮೆಟ್ಟಿಲು ಹತ್ತಲು ಒದ್ದಾಡಿದ. ಡ್ರೈವರ್ ಗುರುತು ಹಿಡಿದು ಎರಡೂ ಕೈಯೆತ್ತಿ ಬೆರಳು ಎಣಿಸಿ ತೋರಿಸಿದ. ಏಳು.

ಸ್ರೆತೆನ್ ಟಿಕೆಟ್ ಚಾಚಿದ. ನಾನು ಏನಾದರೂ ಅನ್ನಬೇಕಿತ್ತು.

ಏಪ್ರಿಲ್ 11
ಕಪ್ಪಿನ ಫೈನಲ್ ಮುಗಿಯಿತಂತೆ. ಯಾರು ಗೆದ್ದರೋ, ಕೇಳಲಿಲ್ಲ.

ಬೆಳಿಗ್ಗೆಯಿಂದ ಪತ್ರಿಕೆಗೆ ಕಾಗದ ಬರೆಯುತ್ತಿದ್ದೇನೆ. ಎರಡು ತಿಂಗಳಲ್ಲಿ ಇದು ಐದನೆಯದು. ಹಿಂದಿನ ನಾಲ್ಕೂ ಕೊನೆಯ ಒಂದು ಪದಕ್ಕೆ ಬಂದು ನಿಂತಿವೆ. ಮೊದಲು ಇಲ್ಲಿ ನೆಟ್ಟಗೆ ಬರೆದು, ಆಮೇಲೆ ಒಳ್ಳೆಯ ಹಾಳೆಗೆ ಇಳಿಸಬೇಕು.

‘ಸಂಪಾದಕರಿಗೆ — ಸ್ರೆತೆನ್ ಲೆಕ್ಕ ತಪ್ಪಲಿಲ್ಲ. ಯಾರಿಗೂ ಮಾರಿಕೊಳ್ಳಲೂ ಇಲ್ಲ. ಬೆಂಚಿನಿಂದ ಬಂದ ಒಂದು ಮಾತನ್ನು ನಂಬಿದ, ಅಷ್ಟೇ. ಆ ದಿನ ಸಾಕು ಎಂದು ಕೂಗಿದವನು