ಚಹಾಕ್ಕಿಂತ ಮೊದಲು ಒಂದು ತಂಬಿಗೆ

ಅಪ್ಪಾ,

ಕ್ಷೇಮಸಮಾಚಾರ ಆಮೇಲೆ, ಮೊದಲು ನಿನ್ನ ಜತೆ ಜಗಳವಿದೆ. ನೀನು ಹೋಗಿ ವರ್ಷ ತುಂಬುವುದರೊಳಗೆ ನಿನ್ನ ಕಾರು ಎರಡು ಸಲ ಮಲಗಿತು. ನಿನ್ನ ಮೇಲಲ್ಲದೆ ಇನ್ಯಾರ ಮೇಲೆ ಸಿಟ್ಟು ಮಾಡಲಿ?

ನೆನಪಿದೆಯಾ, ನೀನು ದಿನಾ ಬೆಳಿಗ್ಗೆ ಬಾನೆಟ್ ಎತ್ತಿ ರೇಡಿಯೇಟರಿಗೆ ಬೋರಿನ ನೀರು ಹೊಯ್ಯುತ್ತಿದ್ದೆ. ಅದಾದ ಮೇಲೇ ನಿನ್ನ ಚಹಾ. ಕೂಲಂಟ್ ಹಾಕಿಸು ಅಂದರೆ, “ಆ ಹಸಿರ ನೀರಿಗೆ ಯಾಕ ರೊಕ್ಕ ಕೊಡಬೇಕು? ನಾವು ಇದ ನೀರಾಗ ಬೆಳದೀವಿ, ಅದಕ್ಕೇನ ಧಾಡಿ?” ಅನ್ನುತ್ತಿದ್ದೆ. ಕುಷ್ಟಗಿಯ ಉಪ್ಪುನೀರು ನಿನಗೆ ಗೊತ್ತಿರಲಿಲ್ಲವೇ? ಬಚ್ಚಲ ಹಂಡೆಯೊಳಗೆ ಕಟ್ಟಿದ ಸುಣ್ಣವನ್ನು ಉಳಿಯಿಂದ ಕೆತ್ತುತ್ತಿದ್ದವನು ನೀನೇ ಅಲ್ಲವೇ...

ಮೊದಲ ಸಲ ಅದು ನಿಂತದ್ದು ತಾವರಗೇರಾ ದಾಟಿದ ಮೇಲೆ, ಮಟಮಟ ಮಧ್ಯಾಹ್ನ. ಅವ್ವನನ್ನು ಕನಕಗಿರಿಗೆ, ದೊಡ್ಡವ್ವನ ಮನೆಗೆ ಕರೆದುಕೊಂಡು ಹೊರಟಿದ್ದೆ. ಮೊಣಕಾಲು ನೋವಿನಿಂದ ಅವ್ವ ಬಸ್ ಹತ್ತಲಾರಳು, ಅವಳನ್ನು ಹೊಸ್ತಿಲು ದಾಟಿಸುವುದು ಇದೊಂದೇ ಕಾರು. ಅದಕ್ಕೇ ಮಾರಿಲ್ಲ. ಕಾರನ್ನು ಗ್ಯಾರೇಜಿಗೆ ಎಳೆಸಿಕೊಂಡು ಹೋದರೆ ನಿನ್ನ ಖಾದರ್ ಮಿಸ್ತ್ರಿ ಎಂಜಿನ್ ಬಿಚ್ಚಿ ತೋರಿಸಿದ. ಒಳಗೆಲ್ಲ ಬೆಳ್ಳಗೆ.

“ಅಕ್ಕಾರ, ಇದು ಎಂಜಿನ್ ಅಲ್ರಿ, ನಿಮ್ಮ ಬಚ್ಚಲ ಹಂಡೆ ಆಗೈತಿ. ನೀರು ಹರಿಯಾಕ ದಾರಿನ ಇಲ್ಲ. ಕಾದು ಕಾದು ಹೆಡ್ ಸೊಟ್ಟ ಆಗೈತಿ ನೋಡ್ರಿ.”

ಎರಡು ತಿಂಗಳ ಪಗಾರ ಅಲ್ಲೇ ಬಿಟ್ಟು ಬಂದೆ. ಮಿಸ್ತ್ರಿ ಕೂಲಂಟ್ ತುಂಬಿ, ಇನ್ನು ಇದಕ್ಕೆ ಹನಿ ನೀರೂ ತೋರಿಸಬೇಡಿ ಎಂದು ಕೈಮುಗಿದ.

ಐದು ತಿಂಗಳಿಗೆ ಎಂಜಿನ್ನಿನ ಬಿಸಿ ತೋರಿಸುವ ಸೂಜಿ ಮತ್ತೆ ಕೆಂಪಿಗೆ ಹೋಯಿತು. “ಯಾರ ನೀರ ಹಾಕ್ಯಾರ? ಕೂಲಂಟಿನ ಬಣ್ಣನ ಉಳಿದಿಲ್ಲ. ಇನ್ನೊಮ್ಮೆ ಹಿಂಗಾದ್ರ ಗುಜರಿಗೆ ಹಾಕೂದ ನೋಡ್ರಿ” ಎಂದ ಮಿಸ್ತ್ರಿ. ನಾನು ಹಾಕಿಲ್ಲ, ಮನೆಯಲ್ಲಿ ಯಾರೂ ಹಾಕಿಲ್ಲ ಎಂದು ಆಣೆ ಮಾಡಿದೆ. ನೀನೇ ಕೆಲಸ ಕೆಡಿಸಿದ್ದೀ ಎಂದು ಪಾಪ ಅವನಿಗೇ ಬಾಯಿಗೆ ಬಂದಂತೆ ಅಂದೆ.

ಕಾರು ಮನೆಗೆ ಬಂದ ಮರುದಿನ ಬೆಳಿಗ್ಗೆ, ನಾನು ಏಳುವ ಹೊತ್ತಿಗೆ ಮೊದಲೇ ಅಂಗಳದಲ್ಲಿ ಸದ್ದಾಯಿತು. ಹೊರಗೆ ಬಂದು ನೋಡಿದರೆ ಅವ್ವ. ಒಂದು ಕೈ ಗೋಡೆಗೆ, ಒಂದು ಕೈಯಲ್ಲಿ ನಿನ್ನ ತಂಬಿಗೆ. ಬಾನೆಟ್ ಎತ್ತುವುದನ್ನು ಯಾವಾಗ ಕಲಿತಳೋ ದೇವರಿಗೇ ಗೊತ್ತು.

“ಏನ ಮಾಡಾಕತ್ತೀಯವ್ವಾ?”

“ನಿಮ್ಮಪ್ಪ ದಿನಾ ಹಾಕತಿದ್ರಲ್ಲ. ಹಾಕದ ನನಗ ಚಹಾ ಗಂಟಲಾಗ ಇಳಿಯಂಗಿಲ್ಲ.”

ಅವಳಿಗೆ ಏನು ಹೇಳಲಿ ಹೇಳು? ಆ ನೀರೇ, ನಿನ್ನ ಗಂಡನ ಕೈಯೇ ಎಂಜಿನ್ನನ್ನು ತಿಂದಿತು ಎನ್ನಲೇ? ತಂಬಿಗೆ ಇಸಿದುಕೊಂಡು ಒಳಗೆ ಹೋಗಿ ಒಬ್ಬಳೇ ಅತ್ತೆ. ಸಂಜೆ ಖಾದರ್ ಮಿಸ್ತ್ರಿಯ ಹತ್ತಿರ ಹೋಗಿ ತಪ್ಪಾಯಿತು ಎಂದು ಬಂದೆ.

ನೀನು ಕೇಳದ ಸುದ್ದಿ ಒಂದಿದೆ. ಈಗ ದಿನಾ ಬೆಳಿಗ್ಗೆ ನಾನೇ ಬಾನೆಟ್ ಎತ್ತಿ, ಮುಂದಿನ ಗಾಜು ತೊಳೆಯುವ ನೀರಿನ ಡಬ್ಬಿಯ ಮುಚ್ಚಳ ತೆಗೆದು ಅವ್ವನ ತಂಬಿಗೆಗೆ ಕಾಯುತ್ತ ನಿಲ್ಲುತ್ತೇನೆ. ಮೊದಲ ದಿನ ಅವ್ವ ಅನುಮಾನಪಟ್ಟಳು.

“ನೀರ ಹಾಕೂ ಬಾಯಿ ಆ ಕಡಿ ಇತ್ತಲ್ಲ?”

“ಮಿಸ್ತ್ರಿ ಈ ಕಡಿ ಮಾಡ್ಯಾನವ್ವಾ.”

ಹೊಯ್ದಳು. ಒಳಗೆ ಹೋಗಿ ಚಹಾ ಕುಡಿದಳು. ಮರುದಿನದ ತಂಬಿಗೆಗೆ ಡಬ್ಬಿಯಲ್ಲಿ ಜಾಗ ಆಗಬೇಕಲ್ಲ, ನಾನು ಕಲಿಸುವ ಹುಲಿಹೈದರದ ಶಾಲೆ ಮುಟ್ಟುವತನಕ ಆ ನೀರನ್ನು ಗಾಜಿಗೆ ಚಿಮ್ಮಿಸುತ್ತಲೇ ಹೋಗುತ್ತೇನೆ. ಮೋಡವಿಲ್ಲ, ಮಳೆಯಿಲ್ಲ, ವೈಪರ್ ಮಾತ್ರ ಆಡುತ್ತಿರುತ್ತದೆ. ಎದುರಿನವರು ನಗುತ್ತಾರೆ. ಗಾಜಿನ ತುಂಬ ನಿನ್ನ ಬೋರಿನ ಬಿಳಿ ಕಲೆ ಒಣಗುತ್ತದೆ. ಶಾಲೆಯ ಮುಂದೆ ಇಳಿದು, ನಿನ್ನನ್ನು ಬೈಯುತ್ತಾ ಒರೆಸುತ್ತೇನೆ. ಈ ಕಾರು ಇರುವತನಕ ಒರೆಸುತ್ತೇನೆ ಅಪ್ಪಾ, ಅವ್ವನಿಗೆ ಮಾತ್ರ ಹೇಳುವುದಿಲ್ಲ.

ನಿನ್ನ ಮಗಳು